‘ಅರ್ಥ ಆಯ್ತಾ?’ ಅಂತ ಕೇಳಿದ ಮೇಲೆ

ಗಂಟೆ ಹೊಡೆಯಲು ಎರಡು ನಿಮಿಷ ಇರುವಾಗ ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು, ಕೈಗಂಟಿದ ಪುಡಿ ಕೊಡವಿ, ‘ಅರ್ಥ ಆಯ್ತಾ?’ ಅಂತ ಕೇಳುತ್ತಾರೆ. ಮುಂದಿನ ಎರಡು ಬೆಂಚಿನಿಂದ ‘ಆಯ್ತು ಸಾರ್’ ಅಂತ ಬರುತ್ತದೆ. ಹಿಂದಿನವರು ಆಗಲೇ ಬ್ಯಾಗಿನ ಜಿಪ್ ಎಳೆಯುತ್ತಿರುತ್ತಾರೆ. ‘ಏನಾದ್ರೂ ಡೌಟ್ ಇದ್ಯಾ?’ ಯಾರಿಗೂ ಇಲ್ಲ. ಮೂರು ವಾರ ಕಳೆದು ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆ ಕೈಗೆ ಬಂದಾಗ, ಅದೇ ಪಾಠದ ಪ್ರಶ್ನೆಗೆ ಅರ್ಧ ತರಗತಿ ನೋಟ್ಸಿನ ಮೊದಲ ಪ್ಯಾರಾ ಬರೆದು ನಿಲ್ಲಿಸಿರುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿನ ಸ್ಟಾಫ್ ರೂಮಿನಲ್ಲಿ ಕೂತರೂ ಕೇಳಿಬರುವ ಗೊಣಗಾಟ ಒಂದೇ: ‘ಕ್ಲಾಸಲ್ಲಿ ಎಲ್ಲಾ ಅರ್ಥ ಆಯ್ತು ಅಂದಿದ್ರು ಮಾರಾಯ್ರೆ!’

ವಿದ್ಯಾರ್ಥಿಗಳು ಸುಳ್ಳು ಹೇಳಿರುವುದಿಲ್ಲ. ಅವರಿಗೆ ಆ ಹೊತ್ತಿನಲ್ಲಿ ನಿಜಕ್ಕೂ ಅರ್ಥವಾದ ಹಾಗೆ ಅನ್ನಿಸಿರುತ್ತದೆ. ಬೇರೆಯವರು ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಹಂತ ಹಂತವಾಗಿ ಬಿಡಿಸುವಾಗ ಪ್ರತಿ ಹಂತವೂ ಸರಿಯಾಗಿಯೇ ಕಾಣುತ್ತದೆ. ಖಾಲಿ ಹಾಳೆಯ ಮುಂದೆ ಕೂತು ಮೊದಲ ಹಂತವನ್ನು ತಾನೇ ಹುಡುಕಬೇಕಾದಾಗ ಮಾತ್ರ ಗೊತ್ತಾಗುವ ಸಂಗತಿ ಬೇರೆ. ನನ್ನ ಪ್ರಕಾರ ಡಿಗ್ರಿ ಅಥವಾ ಎಂಎ, ಎಂಎಸ್ಸಿ ಪಾಠ ಮಾಡುವವರ ಕಸುಬಿನ ತಿರುಳು ಇಲ್ಲಿದೆ: ಯಾವುದು ತಲೆಗೆ ಹೋಗಿದೆ, ಯಾವುದು ಹೋಗಿಲ್ಲ ಅನ್ನುವುದನ್ನು ಕೋಣೆ ಬಿಡುವ ಮೊದಲೇ ತಿಳಿದುಕೊಳ್ಳುವುದು. ಗಟ್ಟಿ ಧ್ವನಿ, ಚಂದದ ಪಿಪಿಟಿ, ಹಾಸ್ಯ, ಓದಿನ ಆಳ ಎಲ್ಲವೂ ಬೇಕು. ಆದರೆ ಈ ಒಂದು ಅಭ್ಯಾಸ ಇಲ್ಲದಿದ್ದರೆ ಅವೆಲ್ಲ ಸೇರಿ ಒಂದು ಒಳ್ಳೆಯ ಭಾಷಣವಾಗುತ್ತದೆ, ಅಷ್ಟೆ.

ಬರೀ ಭಾಷಣ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಅಮೆರಿಕದಲ್ಲಿ ನಡೆದ ಒಂದು ಕಿತಾಪತಿ ಪ್ರಸಿದ್ಧ. 1970ರಲ್ಲಿ ಮೈಕೆಲ್ ಫಾಕ್ಸ್ ಎಂಬ ನಟನಿಗೆ ‘ಡಾ. ಮೈರನ್ ಫಾಕ್ಸ್’ ಅಂತ ಹೆಸರು ಕೊಟ್ಟು, ಗಣಿತದ ಗೇಮ್ ಥಿಯರಿಯನ್ನು ವೈದ್ಯ ಶಿಕ್ಷಣಕ್ಕೆ ಅನ್ವಯಿಸುವ ಬಗ್ಗೆ ಉಪನ್ಯಾಸ ಕೊಡಿಸಿದರು. ಒಳಗೆ ಹುರುಳಿಲ್ಲ, ಒಂದಕ್ಕೊಂದು ತಾಳೆಯಿಲ್ಲ, ಆದರೆ ಹೇಳುವ ಧಾಟಿ ಸೊಗಸು. ಕೇಳಿದವರು ಮನೋವೈದ್ಯರು, ಶಿಕ್ಷಣ ಕ್ಷೇತ್ರದವರು. ಅವರು ತುಂಬಿಕೊಟ್ಟ ಅಭಿಪ್ರಾಯದ ಹಾಳೆಗಳಲ್ಲಿ ಮೆಚ್ಚುಗೆಯೇ ಹೆಚ್ಚು. ಇದರ ಇನ್ನೊಂದು ಮುಖ 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಿಂದ ಬಂತು. ಗುಂಪಿನಲ್ಲಿ ಕೂತು ತಾವೇ ಲೆಕ್ಕ ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರು. ನಯವಾದ ಉಪನ್ಯಾಸ ಕೇಳಿದವರು ಕಡಿಮೆ ತೆಗೆದರು. ಆದರೆ ‘ನಾನು ಹೆಚ್ಚು ಕಲಿತೆ’ ಅಂತ ಹೆಚ್ಚು ಹೇಳಿದವರು ಉಪನ್ಯಾಸ ಕೇಳಿದವರೇ. ತಾವೇ ಲೆಕ್ಕ ಬಿಡಿಸಿದವರು ತಮ್ಮ ತಡವರಿಕೆಯನ್ನು ಕಲಿಯದಿರುವುದು ಅಂತ ಓದಿಕೊಂಡಿದ್ದರು. ಹೀಗಿರುವಾಗ ‘ಅರ್ಥ ಆಯ್ತಾ?’ ಅಂತ ಕೇಳಿ ಏನು ತಿಳಿದೀತು?

ಎದೆಯ ಮುಂದೆ ನಾಲ್ಕು ಬೆರಳು

ಬದಲಿಗೆ ಏನು ಕೇಳಬೇಕು ಅನ್ನುವುದಕ್ಕೆ ದಕ್ಷಿಣ ಕೊಡಗಿನ ಕಡೆಯ ಒಂದು ಅರ್ಥಶಾಸ್ತ್ರ ತರಗತಿಯನ್ನು ಹತ್ತಿರದಿಂದ ನೋಡಬಹುದು. ಪಾಠ, ಪೂರೈಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವುದು. ಮೇಡಂ ಹದಿನೈದು ನಿಮಿಷ ವಿವರಿಸಿ ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದರು. ‘ಈ ವರ್ಷ ರೊಬಸ್ಟಾ ಕಾಫಿ ಬೆಲೆ ಎರಡು ಪಟ್ಟಾಗಿದೆ ಅಂತಿಟ್ಟುಕೊಳ್ಳಿ. ಬರುವ ವರ್ಷ ಕೊಡಗಿನ ಫಸಲು ಏನಾಗುತ್ತೆ? 1. ಎರಡು ಪಟ್ಟಾಗುತ್ತೆ. 2. ಸ್ವಲ್ಪ ಏರಬಹುದು, ಬೆಲೆ ಏರಿದಷ್ಟು ಖಂಡಿತ ಇಲ್ಲ. 3. ಬೆಲೆಗೂ ಫಸಲಿಗೂ ಸಂಬಂಧವೇ ಇಲ್ಲ. 4. ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ, ಅದಕ್ಕೆ ಫಸಲೂ ಇಳಿಯುತ್ತೆ.’ ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ‘ಒಂದು, ಎರಡು, ಮೂರು’ ಅಂದ ಕೂಡಲೇ ಎಲ್ಲರೂ ಒಟ್ಟಿಗೆ, ಕೈಯನ್ನು ಎದೆಗೆ ಒತ್ತಿ ಹಿಡಿದು, ಉತ್ತರದ ಸಂಖ್ಯೆಯಷ್ಟು ಬೆರಳು ತೋರಿಸಬೇಕು. ಹಿಂದೆ ಕೂತವರಿಗೆ ಮುಂದಿನವರ ಬೆರಳು ಕಾಣುವುದಿಲ್ಲ. ಮೇಡಂಗೆ ಎಲ್ಲರದ್ದೂ ಕಾಣುತ್ತದೆ.

ಈ ಪ್ರಶ್ನೆಯ ಜಾಣತನ ತಪ್ಪು ಉತ್ತರಗಳಲ್ಲಿದೆ. ಒಂದು ಬೆರಳು ತೋರಿಸಿದವರು ಪೂರೈಕೆಯ ನಿಯಮವನ್ನು ‘ಬೆಲೆ ಏರಿದಷ್ಟೇ ಪೂರೈಕೆ ಏರುತ್ತೆ’ ಅಂತ ಬಾಯಿಪಾಠ ಮಾಡಿದವರು. ನಾಲ್ಕು ಬೆರಳಿನವರು ಬೇಡಿಕೆಯ ರೇಖೆಯನ್ನೂ ಪೂರೈಕೆಯ ರೇಖೆಯನ್ನೂ ಕಲಸಿಕೊಂಡಿದ್ದಾರೆ. ಮೂರು ಬೆರಳಿನವರು ಮಳೆಯನ್ನು ಮಾತ್ರ ನಂಬಿದವರು; ಅವರ ವಾದದಲ್ಲಿ ಅರ್ಧ ಸತ್ಯವಿದೆ. ಅಂದರೆ ಬೆರಳುಗಳನ್ನು ಒಮ್ಮೆ ನೋಡಿದರೆ ಎಷ್ಟು ಜನ ತಪ್ಪಿದ್ದಾರೆ ಅನ್ನುವುದರ ಜೊತೆಗೆ ಎಲ್ಲಿ ತಪ್ಪಿದ್ದಾರೆ ಅನ್ನುವುದೂ ತಿಳಿಯುತ್ತದೆ. ಹೀಗೆ ಪ್ರತಿ ತಪ್ಪು ಉತ್ತರದ ಹಿಂದೆ ಒಂದು ನಿಜವಾದ ಗೊಂದಲ ಇಲ್ಲದಿದ್ದರೆ ಪ್ರಶ್ನೆ ಬರೆದೂ ಪ್ರಯೋಜನವಿಲ್ಲ. ಅಂಥ ಗೊಂದಲಗಳನ್ನು ಕೂತು ಊಹಿಸಬೇಕಾಗಿಲ್ಲ, ಹಳೆಯ ಇಂಟರ್ನಲ್ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಬೇಕಾದಷ್ಟು ಸಿಗುತ್ತವೆ.

ಉತ್ತರ ಹೇಳದೆ ಮೇಡಂ, ‘ನಿಮ್ಮ ಉತ್ತರಕ್ಕಿಂತ ಬೇರೆ ಉತ್ತರ ಕೊಟ್ಟವರನ್ನು ಹುಡುಕಿ, ಎರಡು ನಿಮಿಷದಲ್ಲಿ ಒಪ್ಪಿಸಿ’ ಅಂದರು. ಗಲಾಟೆ ಶುರು. ತೋಟದ ಮನೆಯ ಹುಡುಗ ಪಕ್ಕದವನಿಗೆ, ‘ಎರಡು ಪಟ್ಟು ಹೇಗಾಗುತ್ತೆ ಮಾರಾಯ, ಇವತ್ತು ಗಿಡ ನೆಟ್ರೆ ಕಾಯಿ ಬರೋಕೆ ಮೂರು-ನಾಲ್ಕು ವರ್ಷ ಬೇಡ್ವಾ?’ ಅನ್ನುತ್ತಿದ್ದಾನೆ. ಹಿಂದಿನ ಬೆಂಚಿನ ಹುಡುಗಿ, ಹೂಮಳೆ ಕೈಕೊಟ್ಟರೂ ಸ್ಪ್ರಿಂಕ್ಲರ್ ಇದ್ದವರು ಹೂವು ಅರಳಿಸಿಕೊಳ್ಳುತ್ತಾರೆ, ಎರಡು-ಮೂರು ವಾರ ಬಿಟ್ಟು ಬ್ಯಾಕಿಂಗ್‌ಗೂ (ಕಾಯಿ ಕಟ್ಟಲು ಕೊಡುವ ಎರಡನೇ ನೀರು) ನೀರು ಹಾಯಿಸುತ್ತಾರೆ, ಬೆಲೆ ಇದ್ದರೆ ಡೀಸೆಲ್ಲಿಗೂ ಗೊಬ್ಬರಕ್ಕೂ ದುಡ್ಡು ಹಾಕುತ್ತಾರೆ ಅಂತ ವಾದಿಸುತ್ತಿದ್ದಾಳೆ. ಎರಡನೇ ಸಲ ಬೆರಳು ಎತ್ತಿದಾಗ ಹೆಚ್ಚಿನವರು ಎರಡಕ್ಕೆ ಬಂದಿದ್ದರು. ಅಲ್ಪಾವಧಿ, ದೀರ್ಘಾವಧಿ ಎಂಬ ಪದಗಳನ್ನು ಮೇಡಂ ಬೋರ್ಡಿನ ಮೇಲೆ ಬರೆದದ್ದು ಆಗ, ಹುಡುಗರ ಮಾತಿನೊಳಗೆ ಆ ವಿಷಯ ಬಂದ ಮೇಲೆ. ಎಲ್ಲಾ ಸೇರಿ ಏಳು ನಿಮಿಷ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ಶುರು ಮಾಡಿದ ವಿಧಾನ ಇದು. ಅದರಲ್ಲಿ ಒಂದು ಉಪಯುಕ್ತ ಅಳತೆಗೋಲಿದೆ. ಮೊದಲ ಸಲ ಸರಿ ಹೇಳಿದವರು ಶೇ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ಬೇಡ, ಗೊಂದಲವೇ ಹರಡುತ್ತದೆ. ಪಾಠವನ್ನು ಬೇರೆ ರೀತಿಯಲ್ಲಿ ಮತ್ತೆ ಹೇಳಬೇಕು. ಶೇ. 70 ದಾಟಿದ್ದರೆ ಎರಡು ಮಾತು ಹೇಳಿ ಮುಂದೆ ಹೋಗಬಹುದು. ನಡುವೆ ಇದ್ದಾಗ ಮಾತ್ರ ಪಕ್ಕದವರ ಜೊತೆ ಚರ್ಚೆ ಫಲ ಕೊಡುತ್ತದೆ. ಎಂಬತ್ತು ಜನರ ತರಗತಿಯಲ್ಲಿ ಬೆರಳು ಎಣಿಸುತ್ತಾ ನಿಲ್ಲಬೇಕಾಗಿಲ್ಲ, ಎರಡು ಸಾಲನ್ನು ಕಣ್ಣಳತೆಯಲ್ಲಿ ನೋಡಿದರೆ ಸಾಕು.

ಇದು ಕೆಡುವ ದಾರಿಗಳೂ ಗೊತ್ತಿರಬೇಕು. ‘ಒಂದು ಅನ್ನುವವರು ಕೈ ಎತ್ತಿ, ಎರಡು ಅನ್ನುವವರು ಕೈ ಎತ್ತಿ’ ಅಂತ ಕೇಳಿದರೆ ಎಲ್ಲರೂ ಮೊದಲ ಬೆಂಚಿನ ರ‍್ಯಾಂಕ್ ವಿದ್ಯಾರ್ಥಿಯ ಕೈ ನೋಡಿಯೇ ಎತ್ತುತ್ತಾರೆ. ಮೊದಲ ಓಟಿನ ನಂತರ ಮೇಷ್ಟ್ರ ಮುಖ ಅರಳಿದರೂ ಸಾಕು, ಚರ್ಚೆ ಸತ್ತಂತೆ. ಚರ್ಚೆಯ ಹೊತ್ತಿನಲ್ಲಿ ಹಾಜರಿ ಪುಸ್ತಕ ತುಂಬುವವರಿದ್ದಾರೆ. ಪಾಠದ ಅತಿ ಮುಖ್ಯವಾದ ಎರಡು ನಿಮಿಷ ಅದೇ, ಬೆಂಚುಗಳ ನಡುವೆ ಓಡಾಡಿ ಕಿವಿ ಕೊಡಬೇಕಾದ ಹೊತ್ತು. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಳೆದು ನೋಡಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ನಿಂತು ನೋಡಿದವರಿಗೇ ಗೊತ್ತು ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ. ಮನಸ್ಸಿನಲ್ಲೇ ಎಣಿಸುವುದೊಂದೇ ಉಪಾಯ.

ಯಾವ ಭಾಷೆಯಲ್ಲಿ ತಡವರಿಸುವುದು?

ಆ ಎರಡು ನಿಮಿಷದ ಗಲಾಟೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲವೂ ಕೇಳಿಸುತ್ತವೆ. ಬಿಡಬೇಕು. ಯೋಚನೆ ಯಾವ ಭಾಷೆಯಲ್ಲಿ ಓಡುತ್ತದೋ ಅದರಲ್ಲೇ ಓಡಲಿ. ಕೊನೆಗೆ ಬರೆಯುವ ಒಂದು ವಾಕ್ಯ ಮಾತ್ರ ಪರೀಕ್ಷೆಯ ಭಾಷೆಯಲ್ಲಿರಬೇಕು ಅನ್ನುವ ನಿಯಮ ಇಟ್ಟರೆ ಸಾಕು.

ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಇಂಗ್ಲಿಷಿನ ಬಿಕಾಂ, ಬಿಎಸ್ಸಿಗೆ ಬಂದವರಿಗೆ ಮೊದಲ ಸೆಮಿಸ್ಟರ್ ಭಾರಿ ಕಷ್ಟ. ಅವರಿಗೆ ನೆರವಾಗಲು ಅನೇಕರು ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಹೇಳಿ ಕೂಡಲೇ ಕನ್ನಡದಲ್ಲಿ ಹೇಳುತ್ತಾರೆ. ಉದ್ದೇಶ ಒಳ್ಳೆಯದು, ಫಲ ಕೆಟ್ಟದ್ದು. ಹೊತ್ತು ಎರಡರಷ್ಟು ಹೋಗುತ್ತದೆ. ಕನ್ನಡದ ಅರ್ಧ ಬಂದೇ ಬರುತ್ತದೆ ಅಂತ ಗೊತ್ತಿರುವುದರಿಂದ ಇಂಗ್ಲಿಷಿನ ಅರ್ಧಕ್ಕೆ ಯಾರೂ ಕಿವಿ ಕೊಡುವುದಿಲ್ಲ. ಇದಕ್ಕಿಂತ ಇಡೀ ಪರಿಕಲ್ಪನೆಯನ್ನು ಐದು ನಿಮಿಷ ಕನ್ನಡದಲ್ಲೇ, ಉದಾಹರಣೆ ಸಮೇತ ಹೇಳಿ ಮುಗಿಸುವುದು ಮೇಲು. ಆಮೇಲೆ ಬೋರ್ಡಿನ ಎಡ ಅಂಚಿನಲ್ಲಿ ಆ ದಿನದ ಐದಾರು ಪಾರಿಭಾಷಿಕ ಪದಗಳನ್ನಷ್ಟೇ ಇಂಗ್ಲಿಷಿನಲ್ಲಿ ಬರೆದು, ಗಂಟೆ ಮುಗಿಯುವವರೆಗೂ ಅಳಿಸದೆ ಬಿಟ್ಟು, ಅದೇ ವಿಷಯವನ್ನು ಸರಳ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬಹುದು. ಎರಡನೇ ಸಲ ಕೇಳುವಾಗ ವಿದ್ಯಾರ್ಥಿಗೆ ಹೊಸದು ಭಾಷೆ ಮಾತ್ರ, ವಿಷಯ ಅಲ್ಲ. ಹೊಸ ವಿಷಯ, ಹೊಸ ಭಾಷೆ, ಹೊಸ ಚಿತ್ರ ಮೂರನ್ನೂ ಒಟ್ಟಿಗೆ ತಲೆ ಮೇಲೆ ಹೊರಿಸಿದರೆ ಮೂರೂ ಬೀಳುತ್ತವೆ.

ನೋಟ್ಸ್ ಎಂಬ ಹಳೇ ರೋಗ

ಡಿಕ್ಟೇಶನ್ ಬಗ್ಗೆ ಒಂದು ಸಣ್ಣ ಲೆಕ್ಕ. ಕೈಬರಹದ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಪದ. ಐವತ್ತು ನಿಮಿಷ ಎಡೆಬಿಡದೆ ಬರೆಸಿದರೆ ಸಾವಿರ ಪದ. ಆ ಸಾವಿರ ಪದ ಓದಲು ಏಳೆಂಟು ನಿಮಿಷ ಸಾಕು. ಅಂದರೆ ಕಾಲೇಜು ಗೇಟಿನೆದುರಿನ ಜೆರಾಕ್ಸ್ ಅಂಗಡಿ ಮಾಡುವ ಕೆಲಸಕ್ಕೆ ಒಂದು ಪೀರಿಯಡ್ ಹೋಯಿತು. ಹಾಗಂತ ನೋಟ್ಸ್ ಕೊಡುವುದೇ ಇಲ್ಲ ಅನ್ನುವ ಮೇಷ್ಟ್ರುಗಳ ಜಂಭವೂ ನನಗೆ ಹಿಡಿಸುವುದಿಲ್ಲ. ಬಿರುನಾಣಿಯಿಂದಲೋ ಕುಟ್ಟದಿಂದಲೋ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸು ತಪ್ಪಿದರೆ ಗತಿಯಿಲ್ಲದ ಹುಡುಗಿಗೆ ಲೈಬ್ರರಿಯಲ್ಲಿ ಕೂತು ನಾಲ್ಕು ಪುಸ್ತಕ ತಿರುವಿ ಹಾಕು ಅನ್ನುವುದು ಸುಲಭ, ಮಾಡುವುದಲ್ಲ.

ಅರ್ಧ ನೋಟ್ಸ್ ಕೊಡುವುದು ಒಳ್ಳೆಯ ದಾರಿ. ಒಂದು ಗಂಟೆಯ ಪಾಠಕ್ಕೆ ಒಂದೇ ಹಾಳೆ. ವ್ಯಾಖ್ಯಾನಗಳು, ಇಸವಿಗಳು, ಸೂತ್ರಗಳು ಅಂದರೆ ತಪ್ಪಾಗಿ ಬರೆದುಕೊಂಡರೆ ಅಪಾಯವಾಗುವ ಭಾಗಗಳು ಅಚ್ಚಾಗಿರಲಿ. ಕಾರಣಗಳು, ಲೆಕ್ಕದ ನಡುವಿನ ಹಂತಗಳು, ನಕ್ಷೆಯ ರೇಖೆಗಳು ಖಾಲಿ ಇರಲಿ, ತರಗತಿಯಲ್ಲಿ ತುಂಬಬೇಕು. ಕೆಳಗೆ ಹಳೆಯ ಪ್ರಶ್ನೆಪತ್ರಿಕೆಯಿಂದ ಎರಡು ಪ್ರಶ್ನೆ. ಪದಕ್ಕೊಂದರಂತೆ ಖಾಲಿ ಜಾಗ ಬಿಟ್ಟರೆ ಅದು ಬಿಟ್ಟ ಸ್ಥಳ ತುಂಬಿರಿ ಆಗುತ್ತದೆ, ಯಾರೂ ಯೋಚಿಸುವುದಿಲ್ಲ. ಎರಡು-ಮೂರು ಸಾಲು ಹಿಡಿಸುವಷ್ಟು ಜಾಗ ಬೇಕು. ತುಂಬಿದ ಹಾಳೆಯನ್ನು ವಾಟ್ಸಾಪ್ ಗುಂಪಿಗೆ ಅದೇ ದಿನ ಹಾಕಿದರೆ ಮರುವಾರದಿಂದ ಯಾರೂ ಪೆನ್ನು ತೆಗೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಜುಲೈ ತಿಂಗಳ ಪಾಠ

ಬೋಧನಾ ಶಾಸ್ತ್ರದ ಪುಸ್ತಕಗಳಲ್ಲಿ ಶೀಟಿನ ಮಾಡಿನ ಮೇಲೆ ಬೀಳುವ ಮಳೆಗೆ ಅಧ್ಯಾಯವಿಲ್ಲ. ನಮ್ಮಲ್ಲಿ ಇರಬೇಕಿತ್ತು. ಜೋರು ಮಳೆ ಹಿಡಿದರೆ ಮೂರನೇ ಬೆಂಚಿನಾಚೆ ಧ್ವನಿ ಹೋಗುವುದಿಲ್ಲ, ಕರೆಂಟ್ ಹೋದರೆ ಪ್ರೊಜೆಕ್ಟರೂ ಇಲ್ಲ. ಕಿರುಚಿ ಗಂಟಲು ಕೆಡಿಸಿಕೊಳ್ಳುವ ಬದಲು ಮಾತು ಕಡಿಮೆ ಬೇಡುವ ಪಾಠಗಳನ್ನು ಈ ವಾರಗಳಿಗೆ ಇಟ್ಟುಕೊಳ್ಳಬಹುದು: ಲೆಕ್ಕ ಬಿಡಿಸುವುದು, ನಕ್ಷೆ ಓದುವುದು, ಜೋಡಿಯಾಗಿ ಒಂದು ಪ್ಯಾರಾ ವಿಶ್ಲೇಷಿಸುವುದು. ಪಿಪಿಟಿ ಮಾಡಿದವರು ಅದರಲ್ಲಿ ಇಲ್ಲದಿದ್ದರೆ ಪಾಠವೇ ನಿಲ್ಲುವ ಮೂರು ಸ್ಲೈಡ್ ಯಾವುವು ಅಂತ ಗುರುತಿಸಿ, ಅವನ್ನು ಚಾಕ್‌ಪೀಸಿನಲ್ಲಿ ಬರೆಯಲು ಒಮ್ಮೆ ಅಭ್ಯಾಸ ಮಾಡಿಕೊಂಡಿರಬೇಕು. ಮೋಡ ಕವಿದ ಮಧ್ಯಾಹ್ನ ಹಳದಿ, ಬಿಳಿ ಚಾಕ್ ಬಿಟ್ಟು ಬೇರೆ ಬಣ್ಣ ಹಿಂದಿನವರಿಗೆ ಕಾಣುವುದಿಲ್ಲ. ಕೊನೆಯ ಬೆಂಚಿಗೆ ಹೋಗಿ ನಿಂತು ನೋಡಿದರೆ ಅನುಮಾನ ಉಳಿಯುವುದಿಲ್ಲ.

ಇನ್ನು ರಜೆ. ಮಳೆ ಜೋರಾದರೆ ಜಿಲ್ಲಾಡಳಿತದ ರಜೆ ಬರುತ್ತದೆ, ಮೂರು ದಿನ, ಕೆಲವೊಮ್ಮೆ ವಾರ. ಹೋದ ತರಗತಿಗಳನ್ನು ಶನಿವಾರ ಸ್ಪೆಷಲ್ ಕ್ಲಾಸಿನಲ್ಲಿ ಓಡಿಸಿ ‘ಪೋರ್ಷನ್ ಮುಗಿಸುವುದು’ ಎಲ್ಲರೂ ಮಾಡುವುದೇ. ಸೆಮಿಸ್ಟರ್ ಶುರುವಾಗುವ ಮೊದಲೇ ಸಿಲಬಸ್ ಹಾಳೆಯಲ್ಲಿ, ಇದು ಬಿಟ್ಟರೆ ಮುಂದಿನದು ನಿಲ್ಲುವುದಿಲ್ಲ ಅನ್ನುವ ಭಾಗಗಳಿಗೆ ಒಂದು ಗುರುತು, ಹಾಳೆ ಕೊಟ್ಟರೆ ಅವರೇ ಓದಿಕೊಳ್ಳಬಲ್ಲರು ಅನ್ನುವುದಕ್ಕೆ ಇನ್ನೊಂದು ಗುರುತು ಹಾಕಿಟ್ಟುಕೊಂಡವರು ಆಗ ಬಚಾವಾಗುತ್ತಾರೆ.

ರಜೆ ಮುಗಿದ ಮೊದಲ ದಿನ ಹೊಸ ಪಾಠ ಶುರು ಮಾಡುವುದು ದೊಡ್ಡ ತಪ್ಪು. ‘ಕಳೆದ ಸಲ ನಾವು ನೋಡಿದ್ದು...’ ಅಂತ ಮೇಷ್ಟ್ರೇ ಹತ್ತು ನಿಮಿಷ ಹೇಳುವುದೂ ಅಷ್ಟೇ ದಂಡ. ಪುಸ್ತಕ ಮುಚ್ಚಿಸಿ, ಒಂದು ರಫ್ ಹಾಳೆಯಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಸಬೇಕು: ಒಂದು ಕಳೆದ ತರಗತಿಯದ್ದು, ಇನ್ನೊಂದು ಮೂರು ವಾರ ಹಿಂದಿನದ್ದು. ಐದು ನಿಮಿಷ. ಅಂಕ ಇಲ್ಲ, ಹೆಸರೂ ಬೇಡ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ಶೇ. 42ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ. 56. ಪರೀಕ್ಷೆ ಬರುವುದು ಐದು ನಿಮಿಷ ಬಿಟ್ಟು ಅಲ್ಲವಲ್ಲ. ಈ ಹಾಳೆಗಳಿಗೆ ಅಂಕ ಕೊಡಲು ಶುರು ಮಾಡಿದರೆ ಮಾತ್ರ ಕತೆ ಕೆಟ್ಟಿತು. ಪಕ್ಕದವರದ್ದು ನೋಡಿ ಬರೆಯುತ್ತಾರೆ, ಯಾರಿಗೆ ಏನು ಗೊತ್ತಿಲ್ಲ ಅನ್ನುವುದು ಮತ್ತೆ ಮುಚ್ಚಿಹೋಗುತ್ತದೆ.

ಮರದ ಸುತ್ತ ನಲವತ್ತು ಜನ

ಪ್ರಾಯೋಗಿಕ ತರಗತಿಗಳಲ್ಲಿ ಈ ಸಮಸ್ಯೆ ಇಲ್ಲ ಅಂತ ಭಾವಿಸುವವರಿದ್ದಾರೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇರುವ ಜಿಲ್ಲೆಯಲ್ಲಿ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ: ಮರದ ಎದೆಮಟ್ಟದ ಸುತ್ತಳತೆ ತೆಗೆಯುವುದು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಬೇಕು, ಅಷ್ಟೇ. ಉಪನ್ಯಾಸಕರು ಒಂದು ಸಿಲ್ವರ್ ಓಕ್ ಮುಂದೆ ನಿಂತು ಸುತ್ತಿ ತೋರಿಸುತ್ತಾರೆ. ನಲವತ್ತು ಜನರಲ್ಲಿ ಟೇಪು ಕಾಣುವುದು ಮುಂದಿನ ಏಳೆಂಟು ಜನರಿಗೆ. ‘ಗೊತ್ತಾಯ್ತಾ?’ ‘ಆಯ್ತು ಸಾರ್.’

ಅದರ ಬದಲು, ತೋರಿಸುವ ಮೊದಲೇ, 1.37 ಮೀಟರಿಗೆ ಕತ್ತರಿಸಿದ ಕೋಲು ಮತ್ತು ಟೇಪು ಕೊಟ್ಟು ಜೋಡಿ ಜೋಡಿಯಾಗಿ ಅದೇ ಐದು ಮರಗಳನ್ನು ಅಳೆಯಲು ಬಿಟ್ಟರೆ? ಎಲ್ಲರ ಅಂಕಿಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಾಗ ಒಂದೇ ಮರಕ್ಕೆ 118 ಸೆಂ.ಮೀ. ಅನ್ನುವವರು, 124 ಅನ್ನುವವರು, 37 ಅನ್ನುವವರೂ ಸಿಗುತ್ತಾರೆ. ಪಾಠ ಶುರುವಾಗುವುದು ಅಲ್ಲಿಂದ. 124 ಬಂದವರ ಟೇಪು ಮರದ ಹಿಂಬದಿಯಲ್ಲಿ ಜೋತುಬಿದ್ದಿತ್ತು, ಅಥವಾ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಮೇಲಿನಿಂದಲೇ ಸುತ್ತಿದ್ದರು. ಬಳ್ಳಿಯನ್ನು ಕೀಳದೆ, ನಿಧಾನಕ್ಕೆ ಎತ್ತಿ ಅದರ ಅಡಿಯಿಂದ ಟೇಪು ತೂರಿಸಬೇಕು. ಮಳೆಗಾಲದಲ್ಲಾದರೆ ಪಾಚಿ ಒರೆಸಬೇಕು. ಇಳಿಜಾರಿನಲ್ಲಿ ಕೆಲವರು ಕೆಳಬದಿಯಲ್ಲಿ ಕೋಲು ಊರಿದ್ದರು, ಕೆಲವರು ಮೇಲ್ಬದಿಯಲ್ಲಿ. ಮೇಲ್ಬದಿಯಿಂದ ಅಳೆಯುವುದು ಕ್ರಮ, ಕೊಡಗಿನಲ್ಲಿ ಸಮತಟ್ಟಾದ ನೆಲ ಎಲ್ಲಿದೆ? 37 ಬರೆದವರು ವ್ಯಾಸದ ಟೇಪು (ಸುತ್ತಿದರೆ ನೇರ ವ್ಯಾಸವನ್ನೇ ತೋರಿಸುವಂಥದ್ದು) ಓದಿ ಸುತ್ತಳತೆಯ ಕಾಲಂನಲ್ಲಿ ತುಂಬಿದವರು. ಇದರ ತಿರುವುಮುರುವು ಇನ್ನೂ ಅಪಾಯ: ಸುತ್ತಳತೆಯನ್ನು 3.14ರಿಂದ ಭಾಗಿಸದೆ ವ್ಯಾಸ ಅಂತ ಲೆಕ್ಕಕ್ಕೆ ಹಾಕಿದರೆ, ಅದು ವರ್ಗವಾಗುವುದರಿಂದ ಮರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಹತ್ತು ಪಟ್ಟು ಹೆಚ್ಚು ಬರುತ್ತದೆ. ತಾವೇ ಬರೆದ ಅಂಕಿ ಯಾಕೆ ಬೇರೆ ಬಂತು ಅಂತ ತಲೆ ಕೆಡಿಸಿಕೊಂಡವರು ಉಪನ್ಯಾಸಕರು ಹೇಳುವ ಐದು ನಿಯಮಗಳನ್ನು ಕೇಳುವ ರೀತಿಯೇ ಬೇರೆ. ಇಡೀ ಬ್ಯಾಚಿಗೆ ಟೇಪು ಸಾಲದಿದ್ದರೆ ದಾರ ಮತ್ತು ಒಂದು ಮೀಟರ್ ಸ್ಕೇಲ್ ನಡೆಯುತ್ತದೆ, ದಾರ ಹಿಗ್ಗುವುದೇ ಇನ್ನೊಂದು ಪಾಠ.

ಹೊತ್ತು ಎಲ್ಲಿದೆ?

ಇದನ್ನೆಲ್ಲ ಕೇಳಿದ ಮೇಲೆ ಬರುವ ಮೊದಲ ಆಕ್ಷೇಪ ಇದು, ಅದು ನ್ಯಾಯವಾದದ್ದೇ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ ಅನ್ನುತ್ತದೆ. ಅದರ ಮೇಲೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲುಗಳು, ಎನ್‌ಎಸ್‌ಎಸ್, ಚುನಾವಣಾ ಡ್ಯೂಟಿ. ಅತಿಥಿ ಉಪನ್ಯಾಸಕರ ಪಾಡು ಇನ್ನೂ ಬೇರೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರಿಗೆ ಪ್ರಶ್ನೆಗಳ ಕಟ್ಟು ಮಾಡಿಟ್ಟುಕೊಳ್ಳಿ ಅಂದರೆ ನಗುತ್ತಾರೆ. ಒಂದು ಒಳ್ಳೆಯ ಬೆರಳು-ಪ್ರಶ್ನೆ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ, ಮೊದಲ ಸಲ ಬರೆದದ್ದು ಸಾಮಾನ್ಯವಾಗಿ ಕೆಟ್ಟದಾಗಿಯೇ ಇರುತ್ತದೆ.

ಆದ್ದರಿಂದ ಎಲ್ಲಾ ತರಗತಿಗೂ ಬೇಡ. ಒಂದು ಪೇಪರ್ ಆರಿಸಿಕೊಂಡು ಅದರಲ್ಲಿ ವಾರಕ್ಕೆ ಒಂದು ಪ್ರಶ್ನೆ, ವಿದ್ಯಾರ್ಥಿಗಳು ವರ್ಷವರ್ಷವೂ ಎಡವುವ ಜಾಗದಲ್ಲಿ. ಒಂದು ಸೆಮಿಸ್ಟರಿಗೆ ಹನ್ನೆರಡು-ಹದಿನಾಲ್ಕು ಆಗುತ್ತವೆ. ಅದೇ ಪೇಪರ್ ಮಾಡುವ ಪಕ್ಕದೂರಿನ ಕಾಲೇಜಿನ ಇಬ್ಬರು ಸೇರಿಕೊಂಡರೆ ತಲಾ ನಾಲ್ಕೈದು ಬರೆದರೆ ಮುಗಿಯಿತು. ಯಾವುದಕ್ಕೆ ಎಷ್ಟು ಬೆರಳು ಎದ್ದವು ಅಂತ ಪಕ್ಕದಲ್ಲಿ ಗುರುತು ಹಾಕಿ ಹಂಚಿಕೊಂಡರೆ ಬರುವ ವರ್ಷಕ್ಕೆ ಯಾವುದನ್ನು ತಿದ್ದಬೇಕು ಅಂತಲೂ ಗೊತ್ತಾಗುತ್ತದೆ. ಹೊತ್ತು ಉಳಿಸುವ ಇನ್ನೊಂದು ಜಾಗ ಇಂಟರ್ನಲ್ ಉತ್ತರಪತ್ರಿಕೆ. ಪ್ರತಿಯೊಂದರ ಮೇಲೂ ಷರಾ ಬರೆಯುವ ಬದಲು ಇಡೀ ಕಟ್ಟಿನಲ್ಲಿ ಮತ್ತೆ ಮತ್ತೆ ಕಂಡ ಮೂರು ತಪ್ಪುಗಳನ್ನು ಪಟ್ಟಿ ಮಾಡಿ, ಪತ್ರಿಕೆಯ ಮೇಲೆ ಕ, ಖ, ಗ ಅಂತ ಗುರುತಷ್ಟೇ ಹಾಕಿ, ಒಂದು ವಾರದೊಳಗೆ ವಾಪಸ್ ಕೊಟ್ಟು, ತಂತಮ್ಮ ತಪ್ಪನ್ನು ಅಲ್ಲೇ ತಿದ್ದಿ ಬರೆಸಬಹುದು. ತಿಂಗಳು ಬಿಟ್ಟು ಕೊಟ್ಟರೆ ಅಂಕ ನೋಡಿ ಮಡಚಿ ಬ್ಯಾಗಿಗೆ ಹಾಕುತ್ತಾರೆ. ವಾರದೊಳಗೆ ಕೊಟ್ಟರೆ, ‘ಇದಕ್ಕೆ ಯಾಕೆ ಖ ಹಾಕಿದ್ದೀರಿ ಮೇಡಂ?’ ಅಂತ ಕೇಳಲು ಒಂದಿಬ್ಬರಾದರೂ ಸ್ಟಾಫ್ ರೂಮಿನವರೆಗೆ ಬರುತ್ತಾರೆ.